ಗೇಣುದ್ದದ ಮಾರುತ

ಪ್ರಾಯ ಐವತ್ತನ್ನು ಸಮೀಪಿಸಿದ ಗುಮಾಸ್ತನೊಬ್ಬನು ಭಾನುವಾರದ ಬೆಳಗ್ಗೆ ನೆಲದ ಮೇಲೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿಕೊಂಡು, ಒಂದು ಗೇಣುದ್ದದ ಮರದ ತುಂಡನ್ನು ಉಪ್ಪುಕಾಗದದಿಂದ ತಿಕ್ಕುತ್ತ ಕುಳಿತಿದ್ದರೆ ಕಂಡವರಿಗೆ ನಗು ಬರುವುದು ಸಹಜವೇ. "ಮಕ್ಕಳಿಗೋ?" ಎಂದು ಕೆಲವರು ಕೇಳಿದರು. "ಮಾರಾಟಕ್ಕೋ?" ಎಂದು ಇನ್ನು ಕೆಲವರು ಕೇಳಿದರು. ಎರಡೂ ಅಲ್ಲವೆಂದಾಗ ಮುಂದೇನು ಕೇಳಬೇಕೆಂದು ತಿಳಿಯದೆ ಸುಮ್ಮನಾದರು. ಮಾಟುಂಗದ ನಮ್ಮ ಕೋಣೆಯಲ್ಲಿ ಕಳೆದ ಮಳೆಗಾಲದಿಂದ ಚಳಿಗಾಲದವರೆಗೆ ನಡೆದ ಈ ಕಾರ್ಯದ ವೃತ್ತಾಂತವನ್ನು ವಾಚಕರ ಮುಂದಿಡುವ ಮನಸ್ಸಾಗಿದೆ.

ಆ ಮರದ ತುಂಡು ಆಗಬೇಕಾಗಿದ್ದುದು ಒಂದು ಜೆಟ್ ವಿಮಾನ. ಯಾವುದೋ ಒಂದು ಜೆಟ್ ವಿಮಾನವಲ್ಲ; ಬೆಂಗಳೂರಿನಲ್ಲಿ ಹುಟ್ಟಿದ 'ಮಾರುತ'. ನಮ್ಮ ದೇಶದಲ್ಲಿಯೇ ರೂಪಿಸಿ ನಿರ್ಮಿಸಿದ ಮೊಟ್ಟಮೊದಲ ಜೆಟ್ ಯುದ್ಧವಿಮಾನವದು. 1961ನೆಯ ಇಸವಿ ಜೂನ್ 17ರಂದು ಸುರಂಜನ್ ದಾಸ್ ಎಂಬ ವಾಯುಪಡೆಯ ಅಧಿಕಾರಿ ಅದನ್ನು ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿಸಿದರು. ಒಟ್ಟು 147 ಮಾರುತಗಳು ತಯಾರಾದುವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಹಾರಾಡಿ ಹೆಸರು ಗಳಿಸಿದುವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತವಾಗಿದ್ದುವು. ಇಂದು ಅವುಗಳಲ್ಲಿ ಉಳಿದಿರುವ ಕೆಲವು, ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಎದುರಿನಂತಹ ಎಡೆಗಳಲ್ಲಿ ನಿಶ್ಚಲವಾಗಿ ನಿಂತಿವೆ. ನಮ್ಮ ಮುಂಬಯಿಯ ವರಳಿಯಲ್ಲಿ ನೆಹರೂ ವಿಜ್ಞಾನ ಕೇಂದ್ರದ ಆವರಣದಲ್ಲಿಯೂ ಒಂದು ಮಾರುತವಿದೆ. ಊರಿನವರು ಬಂದಾಗ ಮುಂಬಯಿ ತೋರಿಸಲು ಹೊರಡುವ ನಾವು ಗೇಟ್‌ವೇ, ಮಹಾಲಕ್ಷ್ಮಿ, ಚೌಪಾಟಿಗಳನ್ನು ಸುತ್ತಿ ಮರಳುತ್ತೇವೆ. ನಮ್ಮ ಬೆಂಗಳೂರಿನ ಕೂಸು ವರಳಿಯಲ್ಲಿ ನಿಂತಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನನಗೂ ಗೊತ್ತಿರಲಿಲ್ಲ. ಗೊತ್ತಾದುದು ಡೊಂಬಿವಲಿಯ ಒಬ್ಬ ಹಿರಿಯರಿಂದ. ಅವರು ನಮ್ಮ ಕಛೇರಿಯ ಸಹೋದ್ಯೋಗಿಯೊಬ್ಬರ ಮಾವನವರು. 1962ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸದ ಶಾಖೆಗೆ ಹುಡುಗನಾಗಿ ಸೇರಿ, ಅಲ್ಲಿಯೇ ತಲೆ ನರೆಯುವವರೆಗೆ ದುಡಿದು, ಪತ್ನಿ ತೀರಿಹೋದ ಮೇಲೆ ಮಗಳ ಮನೆಗೆ ಬಂದವರು. ಎಂಬತ್ತು ದಾಟಿದೆ. ಕಣ್ಣಿನ ನರ ಸೊರಗಿ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತದೆ. ಒಮ್ಮೆ ಮೊಮ್ಮಕ್ಕಳು ಅವರನ್ನು ವರಳಿಗೆ ಕರೆದುಕೊಂಡು ಹೋಗಿದ್ದರಂತೆ. "ಹೇಗಿತ್ತು ತಾತ?" ಎಂದು ನಾನು ಕೇಳಿದೆ. ಅವರು ನಕ್ಕು ಹೇಳಿದರು: "ಏನಪ್ಪಾ ಹೇಳಲಿ, ಕುರುಡರು ಆನೆ ನೋಡಿದ ಕಥೆ ಕೇಳಿದ್ದೀಯಲ್ಲ? ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಇಲ್ಲ. ಇಡೀ ವಿಮಾನ ಮನಸ್ಸಿಗೆ ಬರಲಿಲ್ಲ."

ಅಂದು ರಾತ್ರಿ ಲೋಕಲ್ ಗಾಡಿಯಲ್ಲಿ ಮರಳುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಸುಮಾರು ಐವತ್ತೆರಡು ಅಡಿ ಉದ್ದದ ವಸ್ತುವನ್ನು ಎರಡು ಕೈಗಳು ಹೇಗೆ ತಾನೇ ತಿಳಿಯಬೇಕು? ಆದರೆ ಅದೇ ವಿಮಾನ, ಅದೇ ಆಕಾರದಲ್ಲಿ, ಒಂದು ಗೇಣಿಗೆ ಇಳಿದರೆ ಎರಡು ಅಂಗೈಗಳೊಳಗೆ ಪೂರ್ತಿಯಾಗಿ ಸಿಕ್ಕಿಬಿಡುತ್ತದೆ. ಬಾಲ್ಯದಲ್ಲಿ ಕಾಗದದ ವಿಮಾನ, ರಟ್ಟಿನ ತೇರು ಮಾಡುತ್ತಿದ್ದ ಕೈ ನನ್ನದು. ಮುಂದಿನ ವಾರವೇ ದೂರವಾಣಿಯಲ್ಲಿ ಮಾತು ಕೊಟ್ಟೆ. ಕೊಟ್ಟ ಮೇಲೆ ಹೆದರಿದೆ.

ಮಾದರಿ ವಿಮಾನಗಳನ್ನು ಮಾಡುವವರ ಲೋಕದಲ್ಲಿ ಎಪ್ಪತ್ತೆರಡರಲ್ಲಿ ಒಂದು ಎಂಬ ಪ್ರಮಾಣ ಬಹಳ ಪ್ರಸಿದ್ಧವಾದುದು. ಆರು ಅಡಿಯ ಮನುಷ್ಯನನ್ನು ಒಂದು ಅಂಗುಲಕ್ಕೆ ಇಳಿಸುವ ಲೆಕ್ಕವಿದು. ಅಡಿ ಅಂಗುಲಗಳಲ್ಲಿ ಎಣಿಸುತ್ತಿದ್ದ ಬ್ರಿಟಿಷರು ಹಾಕಿಕೊಟ್ಟದ್ದು. 1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಸಂಸ್ಥೆಯವರು ಈ ಪ್ರಮಾಣದಲ್ಲಿ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆಗಳನ್ನು ಮಾರಾಟಕ್ಕೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನ ಯಾವುದು, ಮಿತ್ರವಿಮಾನ ಯಾವುದು ಎಂದು ಸೈನಿಕರಿಗೆ ಕಲಿಸಲು ಇಂತಹ ಮಾದರಿಗಳೇ ಬೇಕಾದುವು. 1942ರಲ್ಲಿ ಅಮೆರಿಕದ ಸರ್ಕಾರ ಶಾಲೆಯ ಹುಡುಗರ ಕೈಯಿಂದಲೇ ಲಕ್ಷಗಟ್ಟಲೆ ಮರದ ಮಾದರಿಗಳನ್ನು ಕೆತ್ತಿಸುವ ಯೋಜನೆ ಹಾಕಿತು. ಮಕ್ಕಳಾಟವೆಂದು ನಗುವವರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.60 ಮೀಟರ್. ಎಪ್ಪತ್ತೆರಡರಿಂದ ಭಾಗಿಸಿದರೆ ಉದ್ದ 22 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಗೇಣು, ಅಗಲ ಹನ್ನೆರಡೂವರೆ, ಎತ್ತರ ಐದು. ಲೆಕ್ಕ ಇಲ್ಲಿಗೇ ಮುಗಿದಿದ್ದರೆ ಸುಖವಾಗಿತ್ತು. ಆದರೆ ಎಲ್ಲವೂ ಇದೇ ಲೆಕ್ಕಕ್ಕೆ ಸಿಗಬೇಕು. ಮಾದರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಿಮಾನದಲ್ಲಿ ಏಳು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿದಂತೆ. ಪೆನ್ಸಿಲಿನ ಸಾಮಾನ್ಯ ಗೆರೆಯೊಂದು ನಿಜವಿಮಾನದ ಮೇಲೆ ಎರಡು ಸೆಂಟಿಮೀಟರ್ ಅಗಲದ ಬಿರುಕಾಗುತ್ತದೆ. ಮೂಗಿನ ಇಕ್ಕೆಲಗಳಲ್ಲಿ ಮಾರುತಕ್ಕೆ ನಾಲ್ಕು ಫಿರಂಗಿಗಳಿದ್ದುವು. ಅವುಗಳ ಬಾಯಿ 30 ಮಿಲಿಮೀಟರ್. ಮಾದರಿಯಲ್ಲಿ ಅದು ಅರ್ಧ ಮಿಲಿಮೀಟರಿಗೂ ಕಡಿಮೆ. ಹೊಲಿಗೆಯ ಸೂಜಿಯ ಮೊನೆಯಿಂದ ಚುಚ್ಚಿದ ತೂತು ಸಾಕು. ಹಾಗೆಯೇ ಬರಿಯ ವಿಮಾನದ ತೂಕ 6,195 ಕಿಲೋ. ತೂಕವನ್ನು ಇಳಿಸುವಾಗ ಎಪ್ಪತ್ತೆರಡರಿಂದ ಮೂರು ಸಲ ಭಾಗಿಸಬೇಕಷ್ಟೆ. ಹದಿನೇಳು ಗ್ರಾಂ ಸಹ ಬರುವುದಿಲ್ಲ. ನನ್ನ ಮರದ ಮಾರುತವನ್ನು ಕೆಳಗಿನ ಹೋಟೆಲಿನ ಚಿಕ್ಕ ತಕ್ಕಡಿಯಲ್ಲಿಟ್ಟಾಗ ಐವತ್ತೆಂಟು ಗ್ರಾಂ ತೂಗಿತು. ಈ ಒಂದು ವಿಷಯದಲ್ಲಿ ಮಾತ್ರ ಪ್ರಮಾಣಕ್ಕೆ ದ್ರೋಹ ಮಾಡಿದ್ದೇನೆ.

ಮರ ಯಾವುದೆಂದು ಹೇಳಬೇಕು. ವಿದೇಶದ ಹವ್ಯಾಸಿಗಳು ಬಾಲ್ಸಾ ಎಂಬ ಹಗುರ ಮರವನ್ನು ಬಳಸುವರು. ನಾನು ಆರಿಸಿಕೊಂಡುದು ಆಲೆಮರ. ನಮ್ಮ ಚನ್ನಪಟ್ಟಣದ ಬೊಂಬೆಗಳಾಗುವುದು ಇದೇ ಮರದಿಂದ. ಬೆಣ್ಣೆಯ ಬಣ್ಣ, ಎಳೆ ಕಾಣದಷ್ಟು ಒತ್ತಾದ ಮೈ, ಉಳಿಗೆ ಒದಗುವ ಮೃದುತ್ವ. ಊರಿಗೆ ಹೋಗಿದ್ದ ನೆಂಟರೊಬ್ಬರು ಚೀಲದ ತಳದಲ್ಲಿ ಎರಡು ತುಂಡುಗಳನ್ನು ಹಾಕಿಕೊಂಡು ಬಂದರು. ರೆಕ್ಕೆಗಳಿಗೂ ಬಾಲಕ್ಕೂ ಮಾತ್ರ ತೆಳುವಾದ ಪ್ಲೈವುಡ್ಡನ್ನೇ ಬಳಸಿದೆ; ಮಾರುತದ ರೆಕ್ಕೆ 45 ಡಿಗ್ರಿ ಹಿಂದಕ್ಕೆ ಬಾಗಿದ್ದು ತುದಿಯಲ್ಲಿ ಬಹಳ ತೆಳ್ಳಗೆ, ಇಡೀ ಮರದಲ್ಲಿ ಕೆತ್ತಿದರೆ ಮುರಿಯುವುದು ನಿಶ್ಚಯ.

ಕೆಲಸ ಆರಂಭಿಸಿದ ಮೇಲೆ ನನಗೆ ಒಂದು ಸಂಗತಿ ತಿಳಿದುಬಂದು ಮೈ ಜುಮ್ಮೆಂದಿತು. ನಾನು ಮರದಲ್ಲಿ ಮಾರುತವನ್ನು ಕೆತ್ತುವುದು ಹೊಸದೇನೂ ಆಗಿರಲಿಲ್ಲ. ಮಾರುತವೇ ಮೊದಲು ಮರದಲ್ಲಿ ಹುಟ್ಟಿತ್ತು!

ಅದು ಹೀಗೆ. 1940ರ ಡಿಸೆಂಬರಿನಲ್ಲಿ ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಖ್ಯಾತ ವಿನ್ಯಾಸಕಾರರು ಬಂದರು. ಮಹಾಯುದ್ಧದ ಕಾಲದ ಫೋಕ್-ವುಲ್ಫ್ 190 ವಿಮಾನವನ್ನು ರೂಪಿಸಿದವರು ಇವರೇ. ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ಯುದ್ಧವಿಮಾನವನ್ನು ರಚಿಸಬೇಕೆಂಬುದು ಅವರಿಗೂ ಅವರೊಡನೆ ದುಡಿದ ನಮ್ಮ ಇಂಜಿನಿಯರರಿಗೂ ಕೊಟ್ಟ ಗುರಿ. ಲೋಹದ ವಿಮಾನಕ್ಕೆ ಕೈಹಾಕುವ ಮೊದಲು ಅವರು ಅದೇ ಆಕಾರದ, ಅದೇ ಅಳತೆಯ ವಿಮಾನವೊಂದನ್ನು ಪೂರ್ತಿಯಾಗಿ ಮರದಲ್ಲಿ ಕಟ್ಟಿಸಿದರು. ಅದಕ್ಕೆ ಇಂಜಿನ್ ಇರಲಿಲ್ಲ. 1959ರಲ್ಲಿ ಒಂದು ಡಕೋಟಾ ವಿಮಾನ ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದೊಯ್ದು ಬಿಟ್ಟಿತು. ಅದು ಹದ್ದಿನಂತೆ ತೇಲಿ ಇಳಿಯಿತು. ಹೀಗೆ 78 ಸಲ ಹಾರಿ, ಗಾಳಿಯಲ್ಲಿ ಆ ಆಕಾರದ ನಡತೆ ಹೇಗೆಂಬುದನ್ನು ತೋರಿಸಿಕೊಟ್ಟಿತು. ಇಂಜಿನ್ನಿಲ್ಲದ ಮರದ ವಿಮಾನದಲ್ಲಿ ಕುಳಿತು, ಮೇಲಿನಿಂದ ಹಗ್ಗ ಕಳಚಿಕೊಂಡು, ಒಂದೇ ಸಲಕ್ಕೆ ಸರಿಯಾಗಿ ಇಳಿಯಬೇಕಾದ ಚಾಲಕನ ಎದೆಗಾರಿಕೆಯನ್ನು ವಾಚಕರು ಊಹಿಸಿಕೊಳ್ಳಬಹುದು.

ಅಂದರೆ ಮಾದರಿಯೇ ಮೊದಲು, ವಿಮಾನ ಅನಂತರ. ಇದನ್ನು ತಿಳಿದ ಮೇಲೆ ಉಪ್ಪುಕಾಗದ ಹಿಡಿದ ನನ್ನ ಕೈಗೆ ಸ್ವಲ್ಪ ಗೌರವ ಬಂದಂತಾಯಿತು.

ನಮ್ಮ ಕೋಣೆಯಲ್ಲಿ ನನ್ನೊಡನೆ ಇರುವವರು ಕುಂದಾಪುರದ ಕಡೆಯವರು. ಕೆಳಗಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷಗಳಿಂದ ಚಹಾ ಕಾಫಿಯ ಕಟ್ಟೆಯನ್ನು ನೋಡಿಕೊಳ್ಳುವವರು. ನಸುಕಿನ ನಾಲ್ಕಕ್ಕೆ ಎದ್ದು ಹೋಗಿ, ಮಧ್ಯಾಹ್ನ ಎರಡು ಗಂಟೆಯ ಬಿಡುವಿಗೆ ಮೇಲೆ ಬರುತ್ತಾರೆ. ಮೊದಲು ನಗುತ್ತಿದ್ದ ಅವರು ಎರಡನೆಯ ತಿಂಗಳಿಗೆ ನನ್ನ ಪಕ್ಕದಲ್ಲಿ ಕುಳಿತು ರೆಕ್ಕೆ ತಿಕ್ಕತೊಡಗಿದರು. ಅವರ ಕೈ ನನ್ನ ಕೈಗಿಂತ ಸ್ಥಿರವೆಂಬುದನ್ನು ಒಪ್ಪಿಕೊಳ್ಳಲೇಬೇಕು. ತುಂಬಿದ ಐದು ಲೋಟಗಳನ್ನು ಹನಿ ಚೆಲ್ಲದೆ ಒಯ್ಯುವ ಕೈಯಲ್ಲವೇ!

ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ ಸಮಸ್ಯೆಯನ್ನು ಬಿಡಿಸಿದವರು ಅವರೇ. ಮರದಲ್ಲಿ ಕೆತ್ತಿ ನೀಲಿ ಬಣ್ಣ ಹಚ್ಚಿಬಿಡುವುದು ಸುಲಭದ ದಾರಿ. ಆದರೆ ಒಳಗೆ ಆಸನವಿದೆ, ಎರಡೂವರೆ ಸೆಂಟಿಮೀಟರಿಗಿಂತ ತುಸು ಗಿಡ್ಡ ಚಾಲಕನಿದ್ದಾನೆ, ಅವನು ಕಾಣಬೇಕು. "ನೀರಿನ ಬಾಟಲಿಗೆ ಕುದಿಯುವ ನೀರು ಹಾಕಿದರೆ ಮುದುಡಿ ಹೋಗುತ್ತದೆ ರಾಯ್ರೇ, ನಾನು ಎಷ್ಟು ಹಾಳು ಮಾಡಿದ್ದೇನೆ!" ಎಂದರು. ಮುಚ್ಚಳದ ಆಕಾರವನ್ನು ಮರದಲ್ಲಿ ಕೆತ್ತಿ, ನಯಮಾಡಿ, ಕತ್ತರಿಸಿದ ಬಾಟಲಿಯೊಳಗೆ ಬಿಗಿಯಾಗಿ ಕೂಡಿಸಿ, ಹೋಟೆಲಿನ ಬಾಯ್ಲರಿನಿಂದ ಕುದಿನೀರನ್ನು ಸುರಿದೆವು. ಬಾಟಲಿ ಮುದುಡಿ ಅಚ್ಚಿಗೆ ಅಂಟಿಕೊಂಡಿತು. ಮೊದಲ ಎರಡು ಸುಕ್ಕಾದುವು. ಮೂರನೆಯದು ಗಾಜಿನಂತೆ ಹೊರಬಂತು. ಬ್ಲೇಡಿನಿಂದ ಅದನ್ನು ಕತ್ತರಿಸಿ ತೆಗೆದಾಗ ಹೋಟೆಲಿನ ಹುಡುಗರೆಲ್ಲ ಸುತ್ತ ನೆರೆದಿದ್ದರು. ಗಲ್ಲಾದ ಮೇಲೆ ಕುಳಿತ ಧಣಿಗಳೂ ಒಮ್ಮೆ ಕತ್ತೆತ್ತಿ ನೋಡಿದರು.

ಇನ್ನು ಬಣ್ಣದ ವಿಷಯ. ಮಾದರಿಯ ಕೆಲಸದಲ್ಲಿ ಕೆತ್ತನೆಗಿಂತ ಬಣ್ಣವೇ ಹೆಚ್ಚು ತಾಳ್ಮೆಯನ್ನು ಬೇಡುವುದು. ಮರವೆಂಬುದು ಮೊದಲು ಮರೆಯಾಗಬೇಕು. ಲೋಹದ ಮೈಯಲ್ಲಿ ಎಳೆಗಳು ಇರಲಾರವಷ್ಟೆ. ಅದಕ್ಕಾಗಿ ಮರದ ಸೀಲರಿನಲ್ಲಿ ಮುಖಕ್ಕೆ ಹಚ್ಚುವ ಪೌಡರನ್ನು ಕಲಸಿ ಹಚ್ಚಿ, ಒಣಗಿಸಿ, ತಿಕ್ಕಿ, ಮತ್ತೆ ಹಚ್ಚಿ, ಮತ್ತೆ ತಿಕ್ಕಬೇಕು. ನಾನು ಆರು ಸಲ ಹಚ್ಚಿದೆ. ಉಪ್ಪುಕಾಗದವೂ 120ರ ಒರಟಿನಿಂದ ಮೊದಲುಗೊಂಡು 240, 400, 600 ಎಂದು ನಯವಾಗುತ್ತ ಹೋಗಬೇಕು. ಕೊನೆಗೆ ಕೆನ್ನೆಗೆ ಒತ್ತಿ ನೋಡಿದರೆ ತಂಪಾದ ಗಾಜಿನಂತಿರಬೇಕು. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಗಟ್ಟಿ ಬಣ್ಣವನ್ನು ಒಂದೇ ಸಲ ಬಳಿದರೆ ಅದು ಕೂದಲೆಳೆಯಷ್ಟು ದಪ್ಪವಾಗುತ್ತದೆ. ನಿಜವಿಮಾನದ ಮೇಲೆ ಅರ್ಧ ಸೆಂಟಿಮೀಟರ್ ದಪ್ಪ ಗಾರೆ ಮೆತ್ತಿದಂತಾಯಿತು.

ನಾನು ಮಾಡಲು ಹೊರಟುದು 1971ರ ಕಾಲದ ಮಾರುತ: ಮೇಲ್ಭಾಗ ಕಡುಹಸಿರು ಮತ್ತು ಮಣ್ಣಿನ ಕಂದು ಬಣ್ಣಗಳ ಪಟ್ಟೆ, ತಳಭಾಗ ತಿಳಿಬೂದಿ. ಮೇಲಿನಿಂದ ನೋಡಿದ ವೈರಿಗೆ ನೆಲದಂತೆಯೂ ಕೆಳಗಿನಿಂದ ನೋಡಿದವನಿಗೆ ಆಕಾಶದಂತೆಯೂ ತೋರಬೇಕೆಂಬ ಉಪಾಯ. ಆದರೆ ಡಬ್ಬಿಯ ಹಸಿರನ್ನು ಹಾಗೆಯೇ ಹಚ್ಚಬಾರದು. ದೊಡ್ಡ ವಿಮಾನವನ್ನು ನಾವು ದೂರದಿಂದ ನೋಡುತ್ತೇವೆ. ನಡುವಿನ ಗಾಳಿ ಅದರ ಬಣ್ಣವನ್ನು ತುಸು ಬಿಳುಪಾಗಿಸುತ್ತದೆ. ಗೇಣುದ್ದದ ಮಾದರಿಗೆ ಅಸಲು ಬಣ್ಣವನ್ನೇ ಹಚ್ಚಿದರೆ ಅದು ಕಪ್ಪಾಗಿ, ಆಟಿಕೆಯಂತೆ ಕಾಣುತ್ತದೆ. ಆದುದರಿಂದ ಪ್ರತಿಯೊಂದು ಬಣ್ಣಕ್ಕೂ ಒಂದು ಚಿಟಿಕೆ ಬಿಳಿಯನ್ನು ಬೆರೆಸಿದೆ. ಮೊದಲು ಬೂದಿ, ಅದು ಒಣಗಿದ ಮೇಲೆ ಕಂದು, ಆಮೇಲೆ ಅಂಟುಪಟ್ಟಿಯನ್ನು ಬಾಗುಬಾಗಾಗಿ ಕತ್ತರಿಸಿ ಒತ್ತಿ ಹಸಿರು. ವಾಯುಪಡೆಯ ಚಕ್ರಗಳಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇವನ್ನು ಕೈವಾರಕ್ಕೆ ಲೇಖನಿಯ ಮುಳ್ಳು ಕಟ್ಟಿ ಕಾಗದದ ಮೇಲೆ ಬರೆದು, ಕತ್ತರಿಸಿ ಅಂಟಿಸಿದೆ.

"ಕಣ್ಣು ಕಾಣದವರಿಗೆ ಬಣ್ಣ ಎಂತಕ್ಕೆ ರಾಯ್ರೇ?" ಎಂದು ಕುಂದಾಪುರದವರು ಒಂದು ದಿನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನಗೆ ಕೂಡಲೇ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೇಳಿದೆ: "ಯಾವ ಬಣ್ಣ ಹಚ್ಚಿದ್ದೀಯಪ್ಪಾ ಎಂದು ಅವರು ಕೇಳದೆ ಇರುವುದಿಲ್ಲ. ಆಗ ನಾನು ಸುಳ್ಳು ಹೇಳುವುದಕ್ಕಾಗುತ್ತದೆಯೇ?"

ಬಣ್ಣದಲ್ಲಿ ನನಗೆ ಆದ ಅನರ್ಥವನ್ನು ಮರೆಮಾಚಬಾರದು. ಮಳೆಗಾಲದ ಮುಂಬಯಿಯಲ್ಲಿ ಎನಾಮಲ್ ಬಣ್ಣ ಬೇಗ ಒಣಗುವುದಿಲ್ಲ. ಬೆರಳಿಗೆ ಅಂಟದಿದ್ದರೆ ಒಣಗಿತೆಂದು ಮೋಸಹೋಗುತ್ತೇವೆ. ಒಳಪದರ ಇನ್ನೂ ಹಸಿಯಾಗಿರುತ್ತದೆ. ಹೊಳಪನ್ನು ಅಡಗಿಸಲು ಕೊನೆಯ ಲೇಪನವೊಂದು ಬೇಕಿತ್ತು. ಅಂಗಡಿಯಲ್ಲಿ ದೊರೆತ ಲ್ಯಾಕರನ್ನು, ಅದರ ಗುಣವನ್ನು ವಿಚಾರಿಸದೆ ತಂದು, ಒಂದು ಸಂಜೆ ಅವಸರದಿಂದ ಹಚ್ಚಿದೆ. ಲ್ಯಾಕರಿನ ಥಿನ್ನರು ಎನಾಮಲಿಗೆ ಪರಮಶತ್ರು. ನನ್ನ ಕಣ್ಣೆದುರಿನಲ್ಲಿಯೇ ರೆಕ್ಕೆಯ ಬಣ್ಣವೆಲ್ಲ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದುಬಂತು. ಮೂರು ವಾರಗಳ ದುಡಿಮೆ! ಆ ರಾತ್ರಿ ನಾನು ಊಟ ಮಾಡಲಿಲ್ಲ. ಕುಂದಾಪುರದವರು ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟು, ಏನೂ ಹೇಳದೆ, ಹಳೆಯ ಬನಿಯನ್ನಿನ ಚೂರಿಗೆ ಥಿನ್ನರ್ ಅದ್ದಿ ಬಣ್ಣ ಒರೆಸತೊಡಗಿದರು. ಎರಡನೆಯ ಸಲ ಪ್ರತಿ ಪದರಕ್ಕೂ ಒಂದು ವಾರ ಬಿಟ್ಟೆ.

ನವೆಂಬರಿನ ಒಂದು ಭಾನುವಾರ ಮಾರುತ ಸಿದ್ಧವಾಯಿತು. ಪುಟ್ಟಿ ಹಾಕಿ ನಯಮಾಡಿದ ಅದರ ಮೈ ಮೂಗಿನಿಂದ ಬಾಲದವರೆಗೆ ಒಂದೇ ಗೆರೆಯಾಗಿ ಹರಿಯುತ್ತಿತ್ತು. ರೆಕ್ಕೆ ಎಲ್ಲಿ ಕೂಡಿದೆಯೆಂಬುದೇ ತಿಳಿಯದು. ಅದನ್ನು ಸಿಹಿತಿಂಡಿಯ ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿಸಿಕೊಂಡು ಡೊಂಬಿವಲಿಗೆ ಹೊರಟೆ. ಗಾಡಿಯ ನೂಕುನುಗ್ಗಲಿನಲ್ಲಿ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದಿದ್ದೆ.

ತಾತ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಎರಡೂ ಕೈ ಚಾಚಿದರು. ನಾನು ವಿಮಾನವನ್ನು ಅಂಗೈಗಳ ಮೇಲಿಟ್ಟೆ. ಹೆಬ್ಬೆರಳುಗಳು ಮೂಗಿನ ತುದಿಯಿಂದ ಹೊರಟುವು. "ಮೂಗು ಸರಿ. ಇದು ಗನ್ನು. ಇದು ಗಾಳಿ ಒಳಗೆ ಹೋಗುವ ಕಿಂಡಿ. ಓ, ಕೋನ್ ಸಹ ಇಟ್ಟಿದ್ದೀಯ!" ಕಿಂಡಿಗಳೊಳಗಿನ ಅರ್ಧ ಶಂಕುಗಳನ್ನು ನಾನು ಚೂಪುಮಾಡಿದ ಪೆನ್ಸಿಲಿನ ತುದಿಯನ್ನು ಸೀಳಿ ಮಾಡಿದ್ದೆ. ಅದನ್ನು ಕಂಡುಹಿಡಿದರಲ್ಲಾ ಎಂದು ಹಿಗ್ಗಿದೆ. ಬೆರಳುಗಳು ರೆಕ್ಕೆಯ ಬುಡಕ್ಕೆ ಬಂದುವು. ನಿಂತುವು. ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂದುವು.

"ಸೊಂಟ ಎಲ್ಲಪ್ಪಾ?" ಎಂದರು.

ನನಗೆ ಅರ್ಥವಾಗಲಿಲ್ಲ. "ಇಲ್ಲಿ ಒಳಕ್ಕೆ ಹೋಗಬೇಕು. ರೆಕ್ಕೆ ಬರುವಲ್ಲಿ ಮೈ ಸಣ್ಣದಾಗಬೇಕು. ಆ ತಗಡು ಎರಡು ದಿಕ್ಕಿಗೂ ಬಾಗಬೇಕು. ಅದನ್ನು ಬಗ್ಗಿಸಿ ನನ್ನ ಕೈಯೆಲ್ಲ ಬೊಬ್ಬೆ ಎದ್ದಿತ್ತು. ನೀನು ಸೌತೆಕಾಯಿ ಮಾಡಿಬಿಟ್ಟಿದ್ದೀಯಲ್ಲ!"

ಸೊಂಟವನ್ನು ನಾನು ಕೆತ್ತದೆ ಇರಲಿಲ್ಲ. ನಕ್ಷೆಯಲ್ಲಿದ್ದಂತೆ ಕೆತ್ತಿಯೇ ಇದ್ದೆ. ಆಮೇಲೆ ರೆಕ್ಕೆ ಕೂಡಿಸಿದಾಗ ಸಂದಿಗೆ ಪುಟ್ಟಿ ತುಂಬಿ, ನಯಮಾಡುವ ಉತ್ಸಾಹದಲ್ಲಿ, ಆ ತಗ್ಗನ್ನೂ ತುಂಬಿ ಸಮ ಮಾಡಿಬಿಟ್ಟಿದ್ದೆ. ವರಳಿಗೆ ಮೂರು ಸಲ ಹೋಗಿ ನೋಡಿದ್ದರೂ ಫಲವಾಗಿರಲಿಲ್ಲ. ಕೆಳಗೆ ಪಕ್ಕದಲ್ಲಿ ನಿಂತು ನೋಡುವವನಿಗೆ ಸೊಂಟ ಅಷ್ಟಾಗಿ ಕಾಣದು, ಅದು ಕಾಣುವುದು ಮೇಲಿನಿಂದ.

ಆ ಸೊಂಟ ಅಂದಕ್ಕಾಗಿ ಇರುವುದಲ್ಲ. ವಿಮಾನದ ವೇಗ ಶಬ್ದದ ವೇಗವನ್ನು ಸಮೀಪಿಸಿದಾಗ ಎದುರಿನ ಗಾಳಿ ಸರಿದು ದಾರಿ ಬಿಡಲು ಬಹಳ ಹಟಮಾಡುತ್ತದೆ. ಆಗ ಗಾಳಿಯ ಲೆಕ್ಕಕ್ಕೆ ಬರುವುದು ಒಡಲು ಬೇರೆ, ರೆಕ್ಕೆ ಬೇರೆ ಎಂದಲ್ಲ. ಅಡ್ಡಲಾಗಿ ಕೊಯ್ದರೆ ಎಲ್ಲ ಸೇರಿ ಎಷ್ಟು ದಪ್ಪ ಎಂಬುದು. ರೆಕ್ಕೆ ಆರಂಭವಾಗುವಲ್ಲಿ ಆ ದಪ್ಪ ಥಟ್ಟನೆ ಏರಬಾರದು. ಆದುದರಿಂದ ರೆಕ್ಕೆ ಕೂಡಿಸಿದಷ್ಟನ್ನು ಒಡಲಿನಿಂದ ಕಳೆಯಬೇಕು. ಎರಡೂ ಕೈಗಳಲ್ಲಿ ಚೀಲ ಹಿಡಿದವನು ದಾದರಿನ ಗಾಡಿಯಲ್ಲಿ ಹೊಟ್ಟೆಯನ್ನು ಒಳಗೆಳೆದುಕೊಂಡು ನುಸುಳುವುದಿಲ್ಲವೇ, ಹಾಗೆ. 1952ರ ಸುಮಾರಿಗೆ ಅಮೆರಿಕದ ರಿಚರ್ಡ್ ವಿಟ್‌ಕಂಬ್ ಎಂಬ ವಿಜ್ಞಾನಿ ಇದನ್ನು ಗಾಳಿಸುರಂಗದಲ್ಲಿ ಮಾದರಿಗಳನ್ನಿಟ್ಟು ಸಾಧಿಸಿ ತೋರಿಸಿದರು. ಅಲ್ಲಿನ ಎಫ್-102 ಎಂಬ ವಿಮಾನ ಶಬ್ದದ ವೇಗವನ್ನು ದಾಟಲಾರದೆ ಸೋತು, ಸೊಂಟ ಸಣ್ಣ ಮಾಡಿಸಿಕೊಂಡ ಮೇಲೆ 1954ರ ಡಿಸೆಂಬರಿನಲ್ಲಿ ದಾಟಿತು. ಬೆಂಗಳೂರಿನವರು ಮಾರುತಕ್ಕೆ ಕೊಟ್ಟುದೂ ಇದೇ ಸೊಂಟವನ್ನು. ನಾನು ಅದಕ್ಕೆ ಪುಟ್ಟಿ ಮೆತ್ತಿದ್ದೆ.

ತಾತನ ದನಿ ಆಗ ಬೇರೆಯಾಯಿತು. ಆ ಆಕಾರಕ್ಕೆ ತಕ್ಕ ಇಂಜಿನ್ ಮಾರುತಕ್ಕೆ ಕೊನೆಗೂ ದೊರೆಯಲಿಲ್ಲವೆಂಬುದು ಅವರ ತಲೆಮಾರಿನ ಸಂಕಟ. ಮೊದಲು ನಂಬಿದ್ದ ಹೆಚ್ಚು ಬಲದ ಇಂಜಿನ್ ತಯಾರಾಗಲಿಲ್ಲ. ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703 ಇಂಜಿನ್‌ಗಳು ಎರಡನ್ನಿಟ್ಟುಕೊಂಡೇ ಅದು ಬಾಳಿತು. ಶಬ್ದದ ಇಮ್ಮಡಿ ವೇಗದ ಮಾತು ಕಾಗದದಲ್ಲಿಯೇ ಉಳಿಯಿತು. ಇಂಜಿನ್ನಿನ ಹಿಂದೆ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಪ್ರಯತ್ನಗಳು ಬೆಂಗಳೂರಿನಲ್ಲಿಯೇ ನಡೆದುವು. 1970ನೆಯ ಇಸವಿ ಜನವರಿ 10ರಂದು ಅಂತಹ ಒಂದು ಮಾರುತ ನೆಲಬಿಟ್ಟೇಳುವಾಗಲೇ ಬಿದ್ದು ಸುರಂಜನ್ ದಾಸರು ಮಡಿದರು. ಕಾರ್ಖಾನೆಯ ಬಳಿಯ ರಸ್ತೆಗೆ ಅವರ ಹೆಸರಿದೆ. "ಆ ದಿನ ಮಧ್ಯಾಹ್ನ ನಮ್ಮ ಶಾಖೆಯಲ್ಲಿ ಒಬ್ಬರೂ ಸುತ್ತಿಗೆ ಎತ್ತಲಿಲ್ಲ" ಎಂದರು ತಾತ. "ಇಂಜಿನ್ ಕೊಡುವುದು ನಮ್ಮ ಕೈಲಿರಲಿಲ್ಲಪ್ಪ. ಸೊಂಟ ನಮ್ಮ ಕೈಲಿತ್ತು. ಅದನ್ನು ಸರಿಯಾಗಿ ಮಾಡಿದ್ದೆವು."

ಇಷ್ಟು ಕೇಳಿದ ಮೇಲೆ ಮಾದರಿಯನ್ನು ಅಲ್ಲಿ ಬಿಟ್ಟು ಬರುವುದು ನನ್ನಿಂದಾಗಲಿಲ್ಲ. "ಇರಲಿ ಬಿಡಿ, ಎಷ್ಟು ಚೆನ್ನಾಗಿದೆ" ಎಂದು ಮಗಳು ಉಪಚಾರ ಹೇಳಿದರು. ತಾತ ಹಾಗೆ ಹೇಳಲಿಲ್ಲ. ಡಬ್ಬಿಯೊಳಗೆ ಮತ್ತೆ ಹತ್ತಿಯ ಮೇಲೆ ಮಲಗಿಸಿಕೊಂಡು ಮರಳಿದೆ.

ಹಸಿರು ಕಂದು ಬಣ್ಣದ ಮೇಲೆ ಮೊದಲ ಸಲ ಅರ ಎಳೆಯುವಾಗ ಕೈ ನಡುಗಿತು. ಪುಟ್ಟಿಯನ್ನು ಕೆರೆಯುತ್ತ ಹೋದಂತೆ ಕೆಳಗಿನಿಂದ ಆಲೆಮರದ ಬೆಣ್ಣೆಬಣ್ಣ ಕಾಣಿಸಿತು. ಜುಲೈ ತಿಂಗಳಿನಲ್ಲಿ ನಾನೇ ಕೆತ್ತಿದ್ದ ತಗ್ಗು ಅಲ್ಲಿಯೇ ಇತ್ತು. ಹೋಟೆಲಿನ ಬಿಡುವಿನಲ್ಲಿ ಕುಂದಾಪುರದವರು ಕಣ್ಣುಮುಚ್ಚಿಕೊಂಡು ಹೆಬ್ಬೆರಳಿನಿಂದ ತಡವಿ, "ಎಡಗಡೆ ಇನ್ನೂ ಸ್ವಲ್ಪ ಉಬ್ಬಿದೆ" ಎಂದು ಹೇಳುತ್ತಿದ್ದರು. ನಾನೂ ಹಾಗೆಯೇ ಕಲಿತೆ. ಕಣ್ಣಿಗೆ ಸಮವೆಂದು ಕಂಡ ಎಷ್ಟೋ ಕಡೆ ಬೆರಳಿಗೆ ಏರುಪೇರು ತಿಳಿಯುತ್ತಿತ್ತು. ಮತ್ತೆ ಸೀಲರ್, ಮತ್ತೆ ಬೂದಿ, ಕಂದು, ಹಸಿರು, ಪದರಕ್ಕೊಂದು ವಾರ.

ಸಂಕ್ರಾಂತಿಯ ಮರುದಿನ ಮತ್ತೆ ಡೊಂಬಿವಲಿಗೆ ಹೋದೆ. ಈ ಸಲ ಕುಂದಾಪುರದವರೂ ಅರ್ಧ ದಿನದ ರಜೆ ಪಡೆದು ಜೊತೆಗೆ ಬಂದಿದ್ದರು. ತಾತನ ಹೆಬ್ಬೆರಳು ಮೂಗಿನಿಂದ ಹೊರಟು, ಕಿಂಡಿಯನ್ನು ದಾಟಿ, ಸೊಂಟದಲ್ಲಿ ಇಳಿದು, ಹಿಂದೆ ಮತ್ತೆ ಏರಿ, ಎರಡು ಇಂಜಿನ್ನುಗಳ ಬಾಯಿಗೆ ಬಂದು ತಲುಪಿತು. ಎಲ್ಲಿಯೂ ನಿಲ್ಲಲಿಲ್ಲ. ಅವರು ಏನೂ ಹೇಳದೆ ಇನ್ನೊಮ್ಮೆ ಮೊದಲಿನಿಂದ ಆರಂಭಿಸಿದರು.

"ಯಾವ ಬಣ್ಣ ಹಚ್ಚಿದ್ದೀಯಪ್ಪಾ?" ಎಂದು ಕೇಳಿದರು. ಹೇಳಿದೆ. ಕುಂದಾಪುರದವರು ನನ್ನ ಮುಖ ನೋಡಿ ನಕ್ಕರು.

ಒಂದು ಸಂದೇಹ ಉಳಿದಿತ್ತು. ಪ್ರತಿ ಮಾರುತದ ಮೈಮೇಲೆ ಅದರದೇ ಸಂಖ್ಯೆಯಿರುತ್ತದೆ. ನನ್ನದರ ಮೇಲೆ ಯಾವ ಸಂಖ್ಯೆ ಬರೆಯಲಿ ಎಂದು ಅವರನ್ನೇ ಕೇಳಿದೆ. ಅವರಿಗೆ ನೆನಪಿರುವ ಯಾವುದಾದರೊಂದು ವಿಮಾನದ್ದಾದರೆ ಒಳ್ಳೆಯದೆಂದು ನನ್ನ ಆಸೆ.

"ನಂಬರು ಬರೆಯುವುದು ಬಣ್ಣದವರ ಕೆಲಸ. ನಮ್ಮ ಕೈಯಲ್ಲಿದ್ದಾಗ ಅದಕ್ಕೆ ನಂಬರು ಇರಲಿಲ್ಲ. ಹಾಗೇ ಇರಲಿ" ಎಂದರು ತಾತ. ವಿಮಾನವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.